ಹಿಂದಿನ ಗಾಲಿಯ ಗುಂಬ

ಎತ್ತಿನ ಗಾಡಿಯ ಗಾಲಿಯನ್ನು ಕಳಚುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಕಾಗಿಲ್ಲ. ಗಾಡಿಯ ಒಂದು ಮಗ್ಗುಲಿಗೆ ಊರೆ ಕೊಟ್ಟು ಎತ್ತಿ, ಅಚ್ಚಿನ ತುದಿಯಲ್ಲಿರುವ ಕಡಾಣಿಯನ್ನು ಕಿತ್ತು, ಗಾಲಿಯನ್ನು ಎರಡು ಕೈಗಳಿಂದಲೂ ಹಿಡಿದು ಅತ್ತಿತ್ತ ಅಲುಗಿಸಿ ಎಳೆದರೆ ಅದು ಗುಂಬದೊಡನೆ ಕೈಗೆ ಬರುತ್ತದೆ. ಒಳಗಿನ ಕರಿಯ ಜಿಡ್ಡನ್ನು ಒರಸಿ, ಹೊಸದಾಗಿ ಕೀಲೆಣ್ಣೆ ಬಳಿದು, ಗಾಲಿಯನ್ನು ಮರಳಿ ಏರಿಸಿ ಕಡಾಣಿ ಹಾಕುವ ಕೆಲಸವನ್ನು ನಾವು ಹತ್ತು ಹನ್ನೆರಡು ವರುಷದ ಹುಡುಗರಾಗಿದ್ದಾಗ ಮನೆಯ ಅಂಗಳದಲ್ಲಿ ಎಷ್ಟೋ ಸಲ ಮಾಡಿದ್ದುಂಟು. ಅಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ಅದರ ಸುತ್ತ ತಿರುಗುತ್ತದೆ. ಆದಕಾರಣ ಎರಡರ ನಡುವೆ ತುಸು ಸಡಿಲವಿರುವುದು ಸಹಜ, ಅವಶ್ಯವೂ ಹೌದು.

ಮೋಟಾರು ಗಾಡಿಯ ಹಿಂದಿನ ಗಾಲಿಯ ವ್ಯವಹಾರ ಇದಕ್ಕೆ ತೀರ ವಿರುದ್ಧವಾದುದು. ಎಂಜಿನ್ನಿನ ಬಲವೆಲ್ಲ ಅಚ್ಚಿನ ಮೂಲಕ ಹಿಂದಿನ ಗಾಲಿಗಳನ್ನು ಮುಟ್ಟಬೇಕು. ಅಚ್ಚು ತಿರುಗಿದರೆ ಗಾಲಿಯೂ ತಿರುಗಬೇಕು. ಎರಡರ ನಡುವೆ ಕೂದಲೆಳೆಯಷ್ಟು ಸಡಿಲವೂ ಕೂಡದು. ಹಾಗಿದ್ದೂ ಬೇಕೆಂದಾಗ ಕಳಚುವುದಕ್ಕೆ ಬರಬೇಕು. ಹಳೆಯ ಕಾಲದ ಕಾರು ಕಟ್ಟುವವರು ಇದಕ್ಕೆ ಒಂದು ಸುಲಭವಾದ ಉಪಾಯವನ್ನು ಅವಲಂಬಿಸಿದರು. ಅಚ್ಚಿನ ಕೊನೆಯನ್ನು ತುದಿಗೆ ಹೋಗಹೋಗುತ್ತ ಸಣ್ಣದಾಗುವಂತೆ ಕಡೆದರು. ಗುಂಬದ ಒಳಗಣ ತೂತನ್ನೂ ಅದೇ ಇಳಿಜಾರಿಗೆ ಸರಿಯಾಗಿ ಕೊರೆದರು. ಇದಕ್ಕೆ ಟೇಪರು ಎಂದು ಹೆಸರು. ಗುಂಬವನ್ನು ಅಚ್ಚಿನ ಮೇಲೇರಿಸಿ, ಅದು ಜಾರದಂತೆ ಒಂದು ಉಕ್ಕಿನ ಬೆಣೆಯನ್ನಿಟ್ಟು, ತುದಿಯಲ್ಲಿ ದಪ್ಪ ನಟ್ಟನ್ನು ಬಿಗಿದರೆ, ನಟ್ಟು ಒತ್ತಿದಷ್ಟೂ ಗುಂಬವು ಟೇಪರಿನ ಮೇಲೆ ಇನ್ನೂ ಇನ್ನೂ ಕಚ್ಚಿಕೊಳ್ಳುತ್ತದೆ. ಆ ಹಿಡಿತವೇ ಗಾಲಿಯನ್ನು ನಡೆಸತಕ್ಕದ್ದು. ಬೆಣೆಯು ಕೇವಲ ಸಹಾಯಕ. ಹಿಡಿತ ಸಡಿಲವಾಗಿ ಭಾರವೆಲ್ಲ ಬೆಣೆಯ ಮೇಲೆ ಬಿದ್ದರೆ ಅದು ಬಹುಕಾಲ ಬಾಳುವುದಿಲ್ಲ. ಹೀಗಿರಲು, ಗುಂಬವನ್ನು ಸರಿಯಾಗಿ ಕೂಡಿಸಿದವನು ಎಷ್ಟು ಜಾಣನೋ ಅದನ್ನು ಮುಂದೆ ಬಿಚ್ಚಬೇಕಾದವನಿಗೆ ಅಷ್ಟೇ ಕಷ್ಟ ಕಾದಿರುತ್ತದೆ. ಅದರ ಮೇಲೆ ಎಂಬತ್ತು ವರುಷದ ತುಕ್ಕೂ ಸೇರಿದರೆ ಹೇಳುವುದೇನು?

ನಮ್ಮ ಮನೆಯಲ್ಲಿ ೧೯೩೦ನೆಯ ಇಸವಿಯ ಒಂದು ಫೋರ್ಡು ಕಾರು ಇದೆ. ಮಾಡೆಲ್ ಎ ಎಂಬುದು ಅದರ ಜಾತಿ. ೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಮಾಡೆಲ್ ಟಿ ಎಂಬ ಕಾರಿನ ತರುವಾಯ ೧೯೨೭ರ ಡಿಸೆಂಬರಿನಲ್ಲಿ ಹೊರಬಂದು, ನಾಲ್ಕು ವರುಷಗಳಲ್ಲಿ ೪೦ ಲಕ್ಷಕ್ಕೂ ಹೆಚ್ಚಾಗಿ ಮಾರಾಟವಾದದ್ದು ಅದು. ನಮ್ಮ ದೇಶಕ್ಕೆ ಆಗ ಫೋರ್ಡು ಗಾಡಿಗಳು ಬರುತ್ತಿದ್ದುದು ಅಮೆರಿಕದ ಸಂಸ್ಥಾನಗಳಿಂದಲ್ಲ, ಕೆನಡಾ ದೇಶದ ಫೋರ್ಡು ಕಂಪೆನಿಯಿಂದ. ಬ್ರಿಟಿಷ್ ಸಾಮ್ರಾಜ್ಯದ ಮಾರುಕಟ್ಟೆಯು ಆ ಕಂಪೆನಿಯ ಪಾಲಿಗೆ ಬಿದ್ದಿತ್ತು. ೧೯೨೬ರಲ್ಲಿ ಬೊಂಬಾಯಿಯಲ್ಲಿ ಅದರ ಶಾಖೆಯೂ ಹುಟ್ಟಿತು. ನಮ್ಮ ಅಜ್ಜನವರು ಈ ಕಾರನ್ನು ೧೯೩೮ರಲ್ಲಿ ಇನ್ನೊಬ್ಬರ ಕೈಯಿಂದ ಕೊಂಡು ಚಿಕ್ಕಮಗಳೂರು ಸೀಮೆಯ ನಮ್ಮ ಹಳ್ಳಿಗೆ ತಂದರು. ಅಜ್ಜನವರ ಕಾಲ ಮುಗಿದ ಮೇಲೆ ನಮ್ಮ ತಂದೆಯವರು ಅದನ್ನು ೧೯೬೫ರವರೆಗೆ ಓಡಿಸಿ, ಬಳಿಕ ಭತ್ತದ ಕಣಜದ ಪಕ್ಕದ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಐವತ್ತು ವರುಷ ಅದು ಅಲ್ಲಿಯೇ ನಿಂತಿತ್ತು. ಕೋಳಿಗಳು ಅದರಲ್ಲಿ ಮೊಟ್ಟೆಯಿಟ್ಟವು. ನಮ್ಮ ತಮ್ಮನ ಮಗನು ದೊಡ್ಡವನಾಗಿ, ಓದು ಮುಗಿಸಿ, ಹಳೆಯ ಯಂತ್ರಗಳ ಹುಚ್ಚು ಹತ್ತಿಸಿಕೊಂಡು ಬಂದಾಗ ಅದಕ್ಕೆ ಮರುಜನ್ಮವಾಯಿತು. ಎಂಜಿನ್ನು ಹಾಡಿತು, ದೀಪಗಳು ಹೊತ್ತಿಕೊಂಡವು, ಊರಿನ ಮಕ್ಕಳೆಲ್ಲ ಹಿಂದಿನ ಸೀಟಿನಲ್ಲಿ ಕುಳಿತು ತೇರು ಕಂಡವರಂತೆ ಕೂಗಿದರು.

ಎರಡು ವರುಷದ ಹಿಂದೆ ಆಷಾಢದ ಒಂದು ಸಂಜೆ, ನಾಲ್ವರು ಮಕ್ಕಳನ್ನು ಕೂರಿಸಿಕೊಂಡು ಏರಿಯ ದಾರಿಯಲ್ಲಿ ಬರುತ್ತಿದ್ದಾಗ ದಾರಿಗೆ ಮರ ಬಿದ್ದಿದ್ದುದರಿಂದ ಹುಡುಗನು ಗಾಡಿಯನ್ನು ನಿಲ್ಲಿಸಿ, ಕೈಬ್ರೇಕನ್ನು ಎಳೆದು, ಕೆಳಗಿಳಿದನು. ಮೂರು ಹೆಜ್ಜೆ ನಡೆಯುವಷ್ಟರಲ್ಲಿ ಗಾಡಿಯು ಮೆಲ್ಲಗೆ ಹಿಂದಕ್ಕೆ ಸರಿಯಲಾರಂಭಿಸಿತು. ಎಡಗಡೆಗೆ ಇಪ್ಪತ್ತು ಅಡಿ ಆಳದ ಹಳ್ಳ. ಜೊತೆಯಲ್ಲಿದ್ದ ತೋಟದ ಆಳೊಬ್ಬನು ಕೈಗೆ ಸಿಕ್ಕ ಕಲ್ಲನ್ನು ಗಾಲಿಯ ಹಿಂದಕ್ಕೆ ನೂಕಿದ್ದರಿಂದ ಗಾಡಿ ನಿಂತಿತು. ಮಕ್ಕಳಿಗೆ ಇದು ಆಟವಾಗಿಯೇ ಕಂಡಿತಂತೆ. ಮನೆಗೆ ಬಂದು ಅವರೇ ನಗುನಗುತ್ತ ವರದಿ ಒಪ್ಪಿಸಿದಾಗ ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತುಹೋಯಿತು. ಅಂದಿನಿಂದ ಮನೆಯ ಹೆಂಗಸರ ಆಜ್ಞೆ: ಬ್ರೇಕು ಸರಿಯಾಗುವವರೆಗೆ ಆ ಗಾಡಿಯಲ್ಲಿ ಮಗುವೊಂದೂ ಕಾಲಿಡಕೂಡದು, ಸರಿಯಾಗದಿದ್ದರೆ ಗಾಡಿಯನ್ನು ಮಾರತಕ್ಕದ್ದು. ಕೊಳ್ಳುವವರೇನೋ ಇದ್ದರು. ಬೆಂಗಳೂರಿನ ಗೃಹಸ್ಥರೊಬ್ಬರು ಎರಡು ಸಲ ಬಂದು ನೋಡಿ, ಬೆಲೆಯನ್ನೂ ಹೇಳಿ ಹೋಗಿದ್ದರು.

ಮಾಡೆಲ್ ಎ ಗಾಡಿಯಲ್ಲಿ ಕಾಲಿನ ಬ್ರೇಕು ನಾಲ್ಕು ಗಾಲಿಗಳಿಗೂ ಉಂಟು. ಎಣ್ಣೆಯ ಒತ್ತಡವಿಲ್ಲ, ಎಲ್ಲವೂ ಕಬ್ಬಿಣದ ಸರಳುಗಳ ಎಳೆತದಿಂದಲೇ ನಡೆಯತಕ್ಕದ್ದು. ಆದರೆ ಕೈಬ್ರೇಕಿನ ಪಟ್ಟಿಗಳು ಹಿಂದಿನ ಎರಡು ಡ್ರಮ್ಮುಗಳೊಳಗೆ ಮಾತ್ರ ಇರುತ್ತವೆ. ಆ ಡ್ರಮ್ಮಾದರೋ ಗುಂಬಕ್ಕೇ ಸೇರಿದ್ದು. ಗುಂಬ ಬಾರದೆ ಡ್ರಮ್ಮು ಬಾರದು. ಡ್ರಮ್ಮು ಬಾರದೆ ಒಳಗೇನಾಗಿದೆಯೆಂದು ಕಾಣದು. ಎಡಗಾಲಿಯ ಹಿಂದುಗಡೆಯ ತಟ್ಟೆಯ ಕೆಳಗಿನಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿದ್ದುದರಿಂದ ರೋಗವೇನೋ ಗೊತ್ತಾಗಿತ್ತು. ನಡುವಣ ಹಲ್ಲುಗಾಲಿಗಳ ಪೆಟ್ಟಿಗೆಯ ದಪ್ಪ ಎಣ್ಣೆಯು ಅಚ್ಚಿನ ಗುಂಟ ಹರಿದುಬಂದು ಬ್ರೇಕಿನ ಪಟ್ಟಿಗಳನ್ನು ತೊಯಿಸಿತ್ತು. ಎಣ್ಣೆ ಕುಡಿದ ಪಟ್ಟಿಗೆ ಹಿಡಿಯುವ ಶಕ್ತಿ ಎಲ್ಲಿಯದು?

ಇಲ್ಲಿ ಒಂದು ಮಾತನ್ನು ಹೇಳದಿರಲಾಗದು. ಗಾಡಿಗೆ ಮರುಜನ್ಮವಾದ ಕಾಲದಲ್ಲಿ ಅದನ್ನು ಪೇಟೆಯ ಒಂದು ಕಾರ್ಖಾನೆಗೆ ಕಳುಹಿಸಿದ್ದೆವು. ಹಿಂದಿನ ಎರಡು ಗುಂಬಗಳನ್ನೂ ಬಿಚ್ಚಿ ಹೊಸ ಪಟ್ಟಿ ಹಾಕಿದ್ದಕ್ಕೆಂದು ಅವರು ಲೆಕ್ಕ ಬರೆದು ಹಣ ತೆಗೆದುಕೊಂಡಿದ್ದರು. ಬಲಗಡೆಯ ಗುಂಬವನ್ನು ಬಿಚ್ಚಿದ್ದು ನಿಜ. ಅದರ ನಟ್ಟು, ಅದಕ್ಕೆ ಹಾಕಿದ ಸೀಳುಪಿನ್ನು ಎರಡೂ ಹೊಸತು. ಎಡಗಡೆಯಲ್ಲಿ ಮಾತ್ರ ಹಳೆಯ ತುಕ್ಕಿನ ಪಿನ್ನೇ ಬಗ್ಗಿಸಿ ಸೇರಿಸಿದ್ದಿತು. ಅಚ್ಚಿನ ತುದಿಯು ಸುತ್ತಿಗೆಯ ಪೆಟ್ಟು ತಿಂದು ಅಣಬೆಯ ತಲೆಯಂತೆ ಅರಳಿಕೊಂಡಿತ್ತು. ಹೊಡೆದು ನೋಡಿದ್ದಾರೆ, ಬಂದಿಲ್ಲ, ಮುಚ್ಚಿ ಕಳುಹಿಸಿದ್ದಾರೆ. ಬಾರದ್ದು ಅಪರಾಧವಲ್ಲ. ಬಾರಲಿಲ್ಲವೆಂದು ಒಂದು ಮಾತು ಹೇಳಿದ್ದರೆ ಆ ಸಂಜೆ ನಾಲ್ಕು ಮಕ್ಕಳು ಹಳ್ಳದ ಅಂಚಿನಲ್ಲಿ ಇರುತ್ತಿರಲಿಲ್ಲ.

ಸುತ್ತಿಗೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ. ಏಕೆಂದರೆ ಹಳೆಯ ಕಾರು ಇಟ್ಟುಕೊಂಡಿರುವ ಯಾವ ಮನೆಯವರಿಗಾದರೂ ಮೊದಲು ದೊರೆಯುವ ಉಪದೇಶ ಇದೇ. ಅಚ್ಚಿನ ತುದಿಗೆ ದಪ್ಪ ಕಬ್ಬಿಣದ ಟೋಪಿಯಂಥ ನಟ್ಟೊಂದನ್ನು ತಿರುಗಿಸಿ ಕೂರಿಸಿ, ಎರಡು ಸೇರಿನ ಸುತ್ತಿಗೆಯಿಂದ ಒಂದೇ ಏಟು ಬಲವಾಗಿ ಹೊಡೆದರೆ ಗುಂಬವು ತಾನೇ ಸಡಿಲವಾಗುವುದೆಂದು ಹೇಳುತ್ತಾರೆ. ಹಾಗೆ ಸಡಿಲವಾಗುವುದೂ ಉಂಟು. ಆದರೆ ಆ ಏಟು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದನ್ನು ಹೊಡೆಯುವವನು ಕಾಣನು. ಮಾಡೆಲ್ ಎ ಗಾಡಿಯ ಅಚ್ಚಿನ ಒಳತುದಿಯಲ್ಲಿ ಒಂದು ಹಲ್ಲುಗಾಲಿ ಇದೆ. ಅದು ಅಚ್ಚಿಗೆ ಜೋಡಿಸಿದ್ದಲ್ಲ, ಅಚ್ಚಿನೊಡನೆ ಒಂದೇ ಉಕ್ಕಿನಲ್ಲಿ ಆದದ್ದು. ಹೊರತುದಿಗೆ ಬಿದ್ದ ಪೆಟ್ಟು ನೇರವಾಗಿ ನಡುವಣ ಪೆಟ್ಟಿಗೆಯ ಹಲ್ಲುಗಳ ಮೇಲೂ ಬೇರಿಂಗುಗಳ ಮೇಲೂ ಬೀಳುತ್ತದೆ. ತುದಿಯ ತಿರುಪಿನ ಎಳೆಗಳು ಕೆಟ್ಟುಹೋದರಂತೂ ಅಚ್ಚನ್ನೇ ಬದಲಾಯಿಸಬೇಕು. ಅಚ್ಚನ್ನು ಹೊರಗಿನಿಂದ ಎಳೆದು ತೆಗೆಯಲಾಗುವುದಿಲ್ಲವಾದ್ದರಿಂದ ಗಾಡಿಯ ಹಿಂಭಾಗವನ್ನೆಲ್ಲ ಕೆಳಗಿಳಿಸಿ ನಡುವಣ ಪೆಟ್ಟಿಗೆಯನ್ನು ಬಿಚ್ಚಬೇಕು. ಒಂದು ಏಟಿನ ಆತುರಕ್ಕೆ ಒಂದು ತಿಂಗಳ ದುಡಿಮೆ.

ಮೊದಲ ದಿನ ನಾವು ಮಾಡಿದ್ದು ಸಿದ್ಧತೆ ಮಾತ್ರ. ನಾವೆಂದರೆ, ಅರವತ್ತೆಂಟು ದಾಟಿದ ಈ ಬರೆಯುವ ಕೈಯೂ ತಮ್ಮನ ಮಗನೂ. ಗಾಡಿ ನೆಲದ ಮೇಲಿರುವಾಗಲೇ ಸೀಳುಪಿನ್ನನ್ನು ಕಿತ್ತು ದೊಡ್ಡ ನಟ್ಟನ್ನು ಸಡಿಲಿಸಬೇಕು. ಜಾಕಿಯ ಮೇಲೇರಿಸಿದ ಗಾಡಿಗೆ ಮೂರಡಿ ಉದ್ದದ ಸನ್ನೆಕೋಲು ಹಾಕಿ ಜಗ್ಗುವುದು ಆತ್ಮಹತ್ಯೆಗೆ ಸಮಾನ. ಅರಳಿದ ತುದಿಯ ಮೇಲಿಂದ ನಟ್ಟು ಬರುವಂತಿರಲಿಲ್ಲ. ಮೂರು ಮೂಲೆಯ ಸಣ್ಣ ಅರದಿಂದ ಮೊದಲಿನ ಎರಡು ಎಳೆಗಳನ್ನು ತಿದ್ದಿ ತೀಡುವುದಕ್ಕೆ ಒಂದು ಸಂಜೆಯೆಲ್ಲ ಹಿಡಿಯಿತು. ಆ ಮೇಲೆ ಮುಂದಿನ ಗಾಲಿಗಳಿಗೆ ಎರಡು ಕಡೆಯೂ ಮರದ ತುಂಡುಗಳನ್ನು ಒತ್ತಿಟ್ಟು, ಹಿಂಭಾಗವನ್ನೆತ್ತಿ, ಜಾಕಿಯನ್ನು ನಂಬದೆ ಅಚ್ಚಿನ ಕೊಳವೆಯ ಕೆಳಗೆ ಗಟ್ಟಿಯಾದ ಕಬ್ಬಿಣದ ಕುದುರೆಗಳನ್ನು ನಿಲ್ಲಿಸಿದೆವು. ಐದು ನಟ್ಟುಗಳನ್ನು ತೆಗೆದರೆ ತಂತಿಗಾಲಿ ಬಂದಿತು. ಕೈಬ್ರೇಕನ್ನು ಬಿಟ್ಟು, ಹಿಂದಿನ ತಟ್ಟೆಯಲ್ಲಿರುವ ಬೆಣೆತಿರುಪನ್ನು ಹಿಂದಕ್ಕೆ ತಿರುಗಿಸಿ ಬ್ರೇಕಿನ ಪಟ್ಟಿಗಳನ್ನು ಒಳಕ್ಕೆ ಸರಿಸಿದೆವು. ಡ್ರಮ್ಮಿನ ಒಳಗೆ ಸವೆತದಿಂದ ಅಂಚು ಕಟ್ಟಿದ್ದರೆ ಪಟ್ಟಿಗಳು ಅದನ್ನು ಹಿಡಿದುಕೊಂಡು, ಬಂದ ಗುಂಬವನ್ನೂ ಬಾರದಂತೆ ಮಾಡುತ್ತವೆ. ಬೆಣೆಯ ಸಂದಿನಲ್ಲಿ ತುಕ್ಕು ಬಿಡಿಸುವ ಎಣ್ಣೆಯನ್ನು ಹೊತ್ತಿಗೆ ನಾಲ್ಕು ತೊಟ್ಟಿನಂತೆ ಬಿಡುತ್ತ ಬಂದೆವು.

ಗುಂಬವನ್ನು ಎಳೆಯುವ ಸಾಧನಕ್ಕೆ ಪುಲ್ಲರು ಎನ್ನುತ್ತಾರೆ. ಈ ಜಾತಿಯ ಕಾರಿನ ಗುಂಬದ ಬಾಯಿಯ ಸುತ್ತ ಒಂದು ತೋಡು ಇರುತ್ತದೆ. ತಯಾರಿಸಿದವರು ಅದನ್ನು ಸುಮ್ಮನೆ ಅಂದಕ್ಕಾಗಿ ಮಾಡಿದ್ದಲ್ಲ. ಆ ತೋಡನ್ನು ಹಿಡಿಯುವ ಉಕ್ಕಿನ ಬಳೆಯೊಂದು, ಅದರ ನಡುವೆ ಅಚ್ಚಿನ ತುದಿಯನ್ನೊತ್ತುವ ತಿರುಪೊಂದು, ಇಷ್ಟೇ ಪುಲ್ಲರು. ಹುಡುಗನು ಅಳತೆ ತೆಗೆದು ಚಿತ್ರ ಬರೆದುಕೊಟ್ಟ ಮೇರೆಗೆ ಚಿಕ್ಕಮಗಳೂರಿನ ಒಬ್ಬ ಲೇತಿನ ಕೆಲಸಗಾರರು ಇದನ್ನು ಎರಡು ಹೋಳಾಗಿ ಕಡೆದುಕೊಟ್ಟರು. ಮೂರು ಕಾಲಿನ ಸಾಧಾರಣ ಪುಲ್ಲರನ್ನು ಡ್ರಮ್ಮಿನ ಅಂಚಿಗೆ ಸಿಕ್ಕಿಸಿ ಎಳೆದು ಡ್ರಮ್ಮನ್ನು ತಟ್ಟೆಯಂತೆ ಬಗ್ಗಿಸಿದವರ ಕಥೆಗಳು ಬಹಳ. ಎಳೆಯಬೇಕಾದ್ದು ಗುಂಬವನ್ನೇ ಹೊರತು ಡ್ರಮ್ಮನ್ನಲ್ಲ.

ತಿರುಪಿನ ಬಲವೆಷ್ಟೆಂದು ತಿಳಿಯುವ ಕುತೂಹಲ ಓದುಗರಲ್ಲಿ ಕೆಲವರಿಗಾದರೂ ಇದ್ದೀತು. ನಮ್ಮ ತಿರುಪಿಗೆ ಅಂಗುಲಕ್ಕೆ ೧೬ ಎಳೆಗಳು. ಒಂದಡಿ ಉದ್ದದ ಹಿಡಿಯಿಂದ ಅದನ್ನು ಒಂದು ಸುತ್ತು ತಿರುಗಿಸಿದರೆ ಕೈಯು ಸುಮಾರು ೭೫ ಅಂಗುಲ ನಡೆಯುತ್ತದೆ, ತಿರುಪು ಒಂದಂಗುಲದ ಹದಿನಾರನೆಯ ಒಂದು ಪಾಲು ಮಾತ್ರ ಮುಂದುವರಿಯುತ್ತದೆ. ಎಂದರೆ ಕೈಯ ಬಲವು ೧,೨೦೦ ಪಟ್ಟು ಆಗುತ್ತದೆ. ೫೦ ಪೌಂಡಿನ ಎಳೆತಕ್ಕೆ ೬೦,೦೦೦ ಪೌಂಡು. ಇದು ಕಾಗದದ ಮೇಲಿನ ಲೆಕ್ಕ. ಎಳೆಗಳ ಉಜ್ಜಾಟವು ಹತ್ತರಲ್ಲಿ ಒಂಬತ್ತು ಪಾಲನ್ನು ನುಂಗಿಕೊಂಡರೂ ೬,೦೦೦ ಪೌಂಡು, ಹತ್ತಿರ ಹತ್ತಿರ ಮೂರು ಟನ್ನು, ಉಳಿಯಿತು. ಮುದುಕನ ಒಂದು ಕೈಗೆ ಇಷ್ಟು ಬಲ ಬರುವುದು ಸಣ್ಣ ಮಾತಲ್ಲ. ಆದಕಾರಣ ಎಚ್ಚರವೂ ಅಷ್ಟೇ ಬೇಕು. ದೊಡ್ಡ ನಟ್ಟನ್ನು ಪೂರ್ತಿ ತೆಗೆಯದೆ, ಎರಡು ಮೂರು ಎಳೆಗಳಷ್ಟು ಹಿಂದಕ್ಕೆ ತಿರುಗಿಸಿ ಅಚ್ಚಿನ ಮೇಲೆಯೇ ಬಿಟ್ಟಿರಬೇಕು. ಗುಂಬವು ಬಿಟ್ಟುಕೊಳ್ಳುವಾಗ ಮೆಲ್ಲಗೆ ಬರುವುದಿಲ್ಲ, ಸಿಡಿಯುತ್ತದೆ. ನಟ್ಟು ಇದ್ದರೆ ಅದಕ್ಕೆ ಬಡಿದು ನಿಲ್ಲುತ್ತದೆ. ಎಷ್ಟು ನಂಬಿಕೆಯಿದ್ದರೂ ಅಚ್ಚಿನ ನೇರದಲ್ಲಿ ನಿಲ್ಲಬಾರದು.

ಸೋಮವಾರ ಸಂಜೆ ತಿರುಪನ್ನು ಬಿಗಿದೆವು. ಗುಂಬ ಅಲುಗಲಿಲ್ಲ. ಹಾಗೆಯೇ ಬಿಗಿಯಲ್ಲಿ ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ಕಾಲು ಸುತ್ತು ಹೆಚ್ಚಿಸಿದೆವು. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ನೋಡಲು ಬಂದ ನೆರೆಯವರು ತಲೆಗೊಂದು ಸಲಹೆ ಕೊಟ್ಟು ಕಾಫಿ ಕುಡಿದು ಹೋದರು. ಒಬ್ಬರು ಗ್ಯಾಸಿನ ಉರಿಯಿಂದ ಗುಂಬವನ್ನು ಕೆಂಪಗೆ ಕಾಯಿಸಿರೆಂದರು. ಅಂಗುಲದಾಚೆಯಲ್ಲಿ ಎಣ್ಣೆ ಕುಡಿದ ಪಟ್ಟಿಗಳು, ನಾಲ್ಕಡಿಯಾಚೆಯಲ್ಲಿ ಒಣ ಹುಲ್ಲಿನ ಮೆದೆ. ಉರಿಯ ಮಾತನ್ನು ಅಲ್ಲಿಗೇ ಬಿಟ್ಟೆವು. ಇನ್ನೊಬ್ಬರು ಸುತ್ತಿಗೆಯನ್ನೇ ತಂದಿದ್ದರು. ಹುಡುಗನ ಮುಖ ದಿನದಿನಕ್ಕೆ ಸಣ್ಣದಾಗುತ್ತ ಬಂದಿತು. ಗುರುವಾರ ರಾತ್ರಿ ಅವನು ಬೆಂಗಳೂರಿನ ಗೃಹಸ್ಥರಿಗೆ ಫೋನು ಮಾಡುವುದಾಗಿ ನಮ್ಮೊಡನೆ ಹೇಳಿದನು. ನಾವು ಬೇಡವೆನ್ನಲಿಲ್ಲ. ಹಳ್ಳದ ಅಂಚನ್ನು ನೆನೆದರೆ ಬೇಡವೆನ್ನುವ ಧೈರ್ಯ ಬಾರದು.

ನಮ್ಮ ಸೋದರತ್ತೆಯವರಿಗೆ ಈಗ ತೊಂಬತ್ತು ದಾಟಿದೆ. ಅಜ್ಜನವರ ಕಡೆಯ ಮಗಳು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ಶುಕ್ರವಾರ ಬೆಳಗ್ಗೆ ಜಗಲಿಯಲ್ಲಿ ಕುಳಿತು ನಮ್ಮ ಮಾತುಗಳನ್ನೆಲ್ಲ ಕೇಳುತ್ತಿದ್ದವರು, “ಒಂದರೊಳಗೊಂದು ಲೋಟ ಸಿಕ್ಕಿಕೊಂಡರೆ ಏನು ಮಾಡುತ್ತೀರಿ?” ಎಂದು ಕೇಳಿದರು. ಯಾವ ಮನೆಯಲ್ಲಿಯೂ ಗೊತ್ತಿದ್ದದ್ದೇ ಇದು: ಒಳಗಿನ ಲೋಟಕ್ಕೆ ತಣ್ಣೀರು ಹೊಯ್ದು ಹೊರಗಿನದನ್ನು ಬಿಸಿನೀರಿನಲ್ಲಿ ಅದ್ದುವುದು. “ನಿಮ್ಮದೂ ಲೋಟವೇ ಅಲ್ಲವೆ? ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿದೆ” ಎಂದರು.

ಹುಡುಗನು ಕಾಗದದ ಮೇಲೆ ಲೆಕ್ಕ ಹಾಕಿದನು. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಒಂದು ಮೀಟರಿಗೆ ಒಂದು ಮಿಲಿಮೀಟರಿನ ಸುಮಾರು ಹನ್ನೆರಡು ಸಾವಿರದಂಶದಷ್ಟು ಹಿಗ್ಗುತ್ತದೆ. ಗುಂಬದ ತೂತು ಇರುವುದು ಒಂದಂಗುಲಕ್ಕೆ ತುಸು ಹೆಚ್ಚು. ಗುಂಬವು ಅಚ್ಚಿಗಿಂತ ೫೦ ಡಿಗ್ರಿ ಹೆಚ್ಚು ಬಿಸಿಯಾದರೆ ಆ ತೂತು ಹಿಗ್ಗುವುದು ಒಂದು ಸಾಧಾರಣ ಕಾಗದದ ದಪ್ಪದಲ್ಲಿ ಆರರಲ್ಲಿ ಒಂದು ಪಾಲು. ಇಷ್ಟರಿಂದ ಏನಾದೀತು ಎನ್ನಿಸುತ್ತದೆ. ಆದರೆ ಟೇಪರಿನ ಹಿಡಿತವೆಲ್ಲ ಇರುವುದು ಇಂಥ ಕಿರಿಯ ಅಳತೆಗಳಲ್ಲಿಯೇ. ಉರಿಯಿಂದ ಕಾಯಿಸಿದರೆ ಅಚ್ಚೂ ಜೊತೆಯಲ್ಲಿ ಕಾದು ಹಿಗ್ಗುವ ಭಯವುಂಟು. ಕುದಿಯುವ ನೀರು ಹೊರಮೈಯನ್ನು ಬೇಗ ಮುಟ್ಟುತ್ತದೆ, ಅಚ್ಚಿಗೆ ಬಿಸಿ ಏರುವ ಮೊದಲೇ ಕೆಲಸ ಮುಗಿಸಬಹುದು, ಬೆಂಕಿಯ ಭಯವಿಲ್ಲ. ಒಳಗೆ ನೀರು ಹೋಗುವುದೊಂದು ದೋಷ. ಹೇಗೂ ಎಲ್ಲವನ್ನೂ ಬಿಚ್ಚಿ ತೊಳೆದು ಹೊಸ ಗ್ರೀಸು ತುಂಬಬೇಕಾದ್ದರಿಂದ ಅದನ್ನು ಲೆಕ್ಕಿಸಬೇಕಾಗಿರಲಿಲ್ಲ.

ತಿರುಪನ್ನು ಮತ್ತೆ ಬಿಗಿದು, ಗುಂಬದ ಸುತ್ತ ಹಳೆಯ ಗೋಣಿಪಟ್ಟಿಯನ್ನು ಸುತ್ತಿ, ಅಚ್ಚಿನ ತುದಿಗೆ ತಣ್ಣೀರಿನಲ್ಲಿ ನೆನೆದ ಬಟ್ಟೆಯನ್ನಿಟ್ಟು, ಹಂಡೆಯಿಂದ ತಂದ ನೀರನ್ನು ಗೋಣಿಯ ಮೇಲೆ ತಂಬಿಗೆ ತಂಬಿಗೆಯಾಗಿ ಸುರಿದೆವು. ಮೂರು ಕೊಡ ಮುಗಿಯಿತು. ನಾಲ್ಕನೆಯದನ್ನು ತರಲು ಹುಡುಗನು ಬೆನ್ನು ತಿರುಗಿಸಿದ್ದನು. ಬಂದೂಕು ಹಾರಿಸಿದಂಥ ಶಬ್ದವಾಯಿತು. ಹಕ್ಕಿಗಳು ಹಲಸಿನ ಮರದಿಂದ ಹಾರಿದವು, ನಾಯಿ ಅಟ್ಟದ ಕೆಳಗೆ ಹೊಕ್ಕಿತು, ಅತ್ತೆಯವರು ಜಗಲಿಯಿಂದಲೇ “ಬಂತೇ?” ಎಂದು ಕೂಗಿದರು. ನೋಡಿದರೆ ಗುಂಬವು ಹೊರಕ್ಕೆ ನೆಗೆದು ನಟ್ಟಿಗೆ ತಾಗಿ ನಿಂತಿತ್ತು. ಅದು ಸರಿದದ್ದು ಅಂಗುಲದ ಎಂಟನೆಯ ಒಂದು ಪಾಲು. ಐದು ದಿನ ಮೂರು ಟನ್ನಿಗೆ ಜಗ್ಗದ ವಸ್ತು ಈಗ ಎರಡು ಬೆರಳಿನ ಹಿಡಿತಕ್ಕೆ ಅಲ್ಲಾಡುತ್ತಿತ್ತು.

ಡ್ರಮ್ಮು ತೆಗೆದಾಗ ಒಳಗೆಲ್ಲ ನಾವು ಊಹಿಸಿದಂತೆಯೇ ಇದ್ದಿತು. ಪಟ್ಟಿಗಳು ಎಣ್ಣೆಯಲ್ಲಿ ಮುಳುಗಿ ಕಪ್ಪಾಗಿದ್ದವು. ಊಹಿಸದ ಸಂಗತಿಯೊಂದು ಮಾತ್ರ ಅಚ್ಚಿನ ಟೇಪರಿನ ಮೇಲೆ ಇತ್ತು. ಕಾಲು ಮಿಲಿಮೀಟರಿಗಿಂತ ದಪ್ಪವಲ್ಲದ ಒಂದು ತಗಡನ್ನು ಟೇಪರಿಗೆ ಸರಿಯಾಗಿ ಬೀಸಣಿಗೆಯಾಕಾರದಲ್ಲಿ ಕತ್ತರಿಸಿ, ಬೆಣೆಗೆ ಅಡ್ಡಬಾರದಂತೆ ಎರಡು ಅಂಚುಗಳನ್ನೂ ಬಿಟ್ಟುಕೊಟ್ಟು, ಅಚ್ಚಿಗೆ ಸುತ್ತಿದ್ದರು. ಅದು ಎರಡು ಮೈಗಳಿಗೂ ತುಕ್ಕಿನಿಂದ ಬೆಸೆದುಕೊಂಡು ಇಷ್ಟು ದಿನದ ಮೊಂಡುತನಕ್ಕೆ ಕಾರಣವಾಗಿತ್ತು. ತುಕ್ಕನ್ನು ಒರಸಿದಾಗ ಒಂದು ಮೂಲೆಯಲ್ಲಿ ಹಸಿರು ಬಣ್ಣದ ಲೇಶವೂ ಹೂವಿನ ಒಂದು ದಳದ ಚಿತ್ರವೂ ಕಂಡವು.

ಗುಂಬದ ತೂತು ಸವೆದರೆ ಗುಂಬವು ಟೇಪರಿನ ಮೇಲೆ ಹೆಚ್ಚು ಒಳಕ್ಕೆ ಏರಿ, ಡ್ರಮ್ಮಿನ ಅಂಚು ಹಿಂದಿನ ತಟ್ಟೆಗೆ ಉಜ್ಜತೊಡಗುತ್ತದೆ. ಹೊಸ ಗುಂಬ ಹಾಕುವುದು ಅದಕ್ಕೆ ಚಿಕಿತ್ಸೆ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಸ ಗುಂಬವನ್ನು ಎಲ್ಲಿಂದ ತರುವುದು? ೧೯೪೨ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಜನಸಾಮಾನ್ಯರ ಕಾರು ತಯಾರಿಕೆಯೇ ನಿಂತುಹೋಯಿತು. ನಮ್ಮ ಕಡೆಯಲ್ಲಿ ಪೆಟ್ರೋಲಿಗೆ ಚೀಟಿ. ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಅದರ ಅನಿಲದಿಂದ ಏದುತ್ತ ಏರಿ ಹತ್ತುತ್ತಿದ್ದವು. ಅಜ್ಜನವರ ಲೆಕ್ಕದ ಪುಸ್ತಕಗಳು ಇನ್ನೂ ಪೆಟ್ಟಿಗೆಯಲ್ಲಿವೆ. ಹುಡುಕಿದೆವು. ೧೯೪೩ರ ಪುಸ್ತಕದಲ್ಲಿ ಎಡಗಾಲಿಗೆ ತಗಡು ಸುತ್ತಿದ್ದಕ್ಕೆ ಕಮ್ಮಾರನಿಗೆ ಎಂಟಾಣೆ ಎಂದು ಒಂದು ಸಾಲು ಸಿಕ್ಕಿತು. ತಗಡಿಗೆ ಬೆಲೆ ಬರೆದಿರಲಿಲ್ಲ.

ತಗಡನ್ನು ಅತ್ತೆಯವರ ಕೈಗೆ ಕೊಟ್ಟೆವು. ಅವರು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಬೆರಳಿನಿಂದ ಸವರಿ, ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಹೇಳಿದರು: ಅವರಿಗೆ ಒಂಬತ್ತು ವರುಷವಾಗಿದ್ದಾಗ ಹಸಿರು ಬಣ್ಣದ, ಮುಚ್ಚಳದ ಮೇಲೆ ಗುಲಾಬಿ ಹೂವಿದ್ದ ಬಿಸ್ಕತ್ತಿನ ಡಬ್ಬಿ ಒಂದು ಅವರದಾಗಿತ್ತು. ಅದರಲ್ಲಿ ಕವಡೆಗಳನ್ನಿಟ್ಟಿದ್ದರು. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಕವಡೆಗಳು ಗೂಡಿನಲ್ಲಿ ರಾಶಿಯಾಗಿವೆ, ಡಬ್ಬಿ ಇಲ್ಲ. ಅಜ್ಜಿಯವರ ಹೊಲಿಗೆಯ ಕತ್ತರಿ ಮೊಂಡಾಗಿ ಅದಕ್ಕೊಂದು ದೊಡ್ಡ ಜಗಳವೂ ಆಗಿತ್ತಂತೆ. ಡಬ್ಬಿಯನ್ನು ತೆಗೆದುಕೊಂಡವರಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೆಲಸದವಳ ಮಗಳ ಮೇಲೆ ಸಂಶಯಪಟ್ಟು ಅವಳೊಡನೆ ಎರಡು ವರುಷ ಮಾತು ಬಿಟ್ಟಿದ್ದರಂತೆ. “ಅವಳು ಹೋಗಿ ಮೂವತ್ತು ವರುಷವಾಯಿತು” ಎಂದರು. ಇನ್ನೇನೂ ಹೇಳಲಿಲ್ಲ.

ಉಳಿದ ಕೆಲಸ ಸುಲಭವಾಗಿಯೇ ಸಾಗಿತು. ಅಮೆರಿಕದಲ್ಲಿ ಈ ಕಾರಿಗೆ ಬೇಕಾದ ಬಿಡಿಭಾಗಗಳನ್ನು ಇಂದಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಅಜ್ಜನವರು ಡಬ್ಬಿಯಿಂದ ಕತ್ತರಿಸಿದ್ದ ಆ ತಗಡಿನಂಥದ್ದನ್ನೇ ಸರಿಯಾದ ಅಳತೆಯಲ್ಲಿ ಕತ್ತರಿಸಿ ಪೊಟ್ಟಣ ಕಟ್ಟಿ ಕಳುಹಿಸುತ್ತಾರೆಂದು ತಿಳಿದಾಗ ನಮಗೆ ನಗು ಬಂದಿತು. ಎಣ್ಣೆ ತಡೆಯುವ ಸೀಲು, ಬ್ರೇಕಿನ ಪಟ್ಟಿ, ಬೆಣೆ, ತಗಡು ಇವೆಲ್ಲವೂ ಆರು ವಾರಗಳಲ್ಲಿ ಬಂದವು. ಟೇಪರಿನ ಎರಡು ಮೈಗಳನ್ನೂ ತುಕ್ಕಿನ ಕಣವಿಲ್ಲದಂತೆ ಉಜ್ಜಿ, ಎಣ್ಣೆಯ ಪಸೆಯೂ ಇಲ್ಲದಂತೆ ಒಣಗಿಸಿ ಕೂಡಿಸಬೇಕು. ಅಲ್ಲಿ ಗ್ರೀಸು ಬಳಿಯುವುದು ಉಪಕಾರವಲ್ಲ, ಅಪಕಾರ. ನಟ್ಟನ್ನು ಸುಮಾರು ೧೦೦ ಅಡಿ-ಪೌಂಡಿನವರೆಗೆ ಬಿಗಿಯಬೇಕು, ಎಂದರೆ ಎರಡಡಿ ಉದ್ದದ ಹಿಡಿಯ ತುದಿಗೆ ೫೦ ಪೌಂಡಿನ ಭಾರ ಹಾಕಿದಷ್ಟು. ಸೀಳುಪಿನ್ನಿನ ತೂತು ಕೂಡಿಬಾರದಿದ್ದರೆ ನಟ್ಟನ್ನು ಮುಂದಕ್ಕೇ ತಿರುಗಿಸಬೇಕೇ ಹೊರತು ಎಂದಿಗೂ ಹಿಂದಕ್ಕೆ ತಿರುಗಿಸಬಾರದು. ಮೊದಲ ಐವತ್ತು ಮೈಲಿ ಓಡಿದ ಮೇಲೆ ಪಿನ್ನು ಕಿತ್ತು ಇನ್ನೊಮ್ಮೆ ಬಿಗಿಯುವುದನ್ನು ಮರೆಯತಕ್ಕದ್ದಲ್ಲ. ಗುಂಬವು ಅಷ್ಟರಲ್ಲಿ ಇನ್ನಷ್ಟು ಕೂತಿರುತ್ತದೆ.

ಕೆಲಸ ಮುಗಿದ ಮೇಲೆ ಗಾಡಿಯನ್ನು ಬರಿದಾಗಿ ಅದೇ ಏರಿಗೆ ಒಯ್ದು, ಮರ ಬಿದ್ದಿದ್ದ ಸ್ಥಳದಲ್ಲಿಯೇ ನಿಲ್ಲಿಸಿ, ಕೈಬ್ರೇಕು ಎಳೆದು, ಗಾಲಿಯ ಹಿಂದೆ ಕಲ್ಲನ್ನಿಡದೆ ಒಂದು ಗಂಟೆ ಬಿಟ್ಟೆವು. ಮನೆಯ ಹೆಂಗಸರು ಮೂವರು ನಡೆದುಬಂದು ತಾವೇ ನೋಡಿ ಹೋದರು. ಗಾಡಿಯನ್ನು ಮಾರಲಿಲ್ಲ. ಮಕ್ಕಳನ್ನು ಕೂರಿಸುವ ಮೊದಲು ಅತ್ತೆಯವರನ್ನು ಕೂರಿಸಿದೆವು. ಎಲ್ಲಿಗೆ ಹೋಗೋಣವೆಂದು ಹುಡುಗನು ಕೇಳಿದಾಗ ಅವರು ಹಳೆಯ ಕೆಲಸದವಳ ಮಗಳ ಮನೆಯವರು ಈಗ ಇರುವ ಊರಿನ ಹೆಸರನ್ನು ಹೇಳಿದರು. ಅದು ಹನ್ನೊಂದು ಮೈಲಿ. ತಗಡನ್ನು ಒಂದು ಕರವಸ್ತ್ರದಲ್ಲಿ ಸುತ್ತಿ ಕೈಯಲ್ಲಿ ಹಿಡಿದುಕೊಂಡಿದ್ದರು.